ಇ2ಎಫ್‌ಎಸ್‌ಪ್ರಾಗ್ಸ್: ಮೂಲ ಒಂದೇ, ಪ್ಯಾಕೇಜುಗಳು ಇಷ್ಟೇಕೆ?

ಪ್ರಶ್ನೆ: ಹಳೆಯ ಲ್ಯಾಪ್‌ಟಾಪಿಗಾಗಿ ಡೆಬಿಯನ್ ಎಂಬ ಲಿನಕ್ಸನ್ನು ಆಧರಿಸಿದ ಪುಟ್ಟ ವ್ಯವಸ್ಥೆಯೊಂದನ್ನು ಕಟ್ಟುತ್ತಿದ್ದೇನೆ. ಲಿನಕ್ಸಿನ ಡಿಸ್ಕ್ ಉಪಕರಣಗಳ ಗುಚ್ಛವಾದ ಇ2ಎಫ್‌ಎಸ್‌ಪ್ರಾಗ್ಸ್‌ನ ಮೂಲ ಕೋಡನ್ನು ಕಂಪೈಲ್ ಮಾಡಿದರೆ ಹತ್ತಾರು ಡೆಬ್ ಕಡತಗಳು (ಡೆಬಿಯನ್ ಪ್ಯಾಕೇಜುಗಳು) ಬಂದು ಬಿದ್ದವು. ಎಲ್ಲವನ್ನೂ ಒಂದೇ ಪ್ಯಾಕೇಜಿಗೆ ತುಂಬಿದರೆ ತಪ್ಪೇನು?

ಉತ್ತರ 1: ದಯವಿಟ್ಟು ಹಾಗೆ ಮಾಡಬೇಡಿ. ಹಾಗೆ ಮಾಡಿ ನಾನು ಒಂದಿಡೀ ರಾತ್ರಿ ಕಳೆದಿದ್ದೇನೆ. ಡಿಸ್ಕ್ ಪರೀಕ್ಷಿಸುವ, ಫಾರ್ಮ್ಯಾಟ್ ಮಾಡುವ ಉಪಕರಣಗಳು ನಮಗೆ ಬೇಕು. ಲೈಬ್ರರಿಗಳು ಬೇರೆ ಪ್ರೋಗ್ರಾಮುಗಳಿಗೂ ಬೇಕು. ಲಿಬ್‌ಕಾಮ್-ಎರ್2 ನೋಡಿ. ದೋಷ ಸಂದೇಶಗಳಿಗಾಗಿ ಇರುವ ಈ ಚಿಕ್ಕ ಲೈಬ್ರರಿಯನ್ನು ಜಾಲದಲ್ಲಿ ಬಳಕೆದಾರರ ಗುರುತು ಖಚಿತಪಡಿಸುವ ಕೆರ್ಬರೋಸ್ ಕೂಡ ಅವಲಂಬಿಸಿದೆ. ಡಿಸ್ಕನ್ನೇ ಮುಟ್ಟದ ಕಂಟೈನರಿಗೂ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ ಆವರಣ) ಅದು ಬೇಕಾಗಬಹುದು, ಅಲ್ಲಿ ಫಾರ್ಮ್ಯಾಟ್ ಉಪಕರಣಕ್ಕೇನು ಕೆಲಸ?

ಉತ್ತರ 2: ಹೆಸರಿನ ಕೊನೆಯ 2 ಅಲಂಕಾರಕ್ಕಲ್ಲ, ಅದು ಲೈಬ್ರರಿಯ ಎಬಿಐ ಸಂಖ್ಯೆ, ಅಂದರೆ ಕಂಪೈಲ್ ಆದ ಪ್ರೋಗ್ರಾಮುಗಳು ಲೈಬ್ರರಿಯೊಡನೆ ಹೊಂದಿಕೊಳ್ಳುವ ರೀತಿಯ ಸಂಖ್ಯೆ. ನಾಳೆ 3 ಬಂದರೆ ಹಳೆಯದೂ ಹೊಸದೂ ಅಕ್ಕಪಕ್ಕ ಬಾಳುತ್ತವೆ. ಡೆಬಿಯನ್ 13ರಲ್ಲಿ ಇದೇ ಮೂಲದ ಇನ್ನೊಂದು ಲೈಬ್ರರಿ ಲಿಬ್‌ಎಕ್ಸ್ಟ್2ಎಫ್‌ಎಸ್2ರ ಹೆಸರಿಗೆ ಟಿ64 ಸೇರಿದ್ದೂ ಎಬಿಐ ಬದಲಾದ ಕಾರಣಕ್ಕೆ: 2038ರಲ್ಲಿ 32 ಬಿಟ್ ಸಮಯದ ಎಣಿಕೆ ಮುಗಿದುಹೋಗುವ ಸಮಸ್ಯೆಗಾಗಿ ಆರ್ಮ್‌ನಂಥ 32 ಬಿಟ್ ಯಂತ್ರಗಳಲ್ಲಿ ಸಮಯದ ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿದರು.

ಪ್ರಶ್ನಿಸಿದವರು: ಈಗ ಅರ್ಥವಾಯಿತು, ಧನ್ಯವಾದ. ಕೆರ್ಬರೋಸ್ ಲೈಬ್ರರಿಯ ಮೇಲೆ ಎಲ್‌ಡಿಡಿ (ಯಾವ ಲೈಬ್ರರಿಗಳು ಬೇಕೆಂದು ತೋರಿಸುವ ಆದೇಶ) ಓಡಿಸಿದೆ. ಲಿಬ್‌ಕಾಮ್-ಎರ್ ಸಾಲು ಕಣ್ಣೆದುರೇ ಇದೆ. ಡೆಬಿಯನ್ ವಿಂಗಡಿಸಿದಂತೆಯೇ ಉಳಿಸಿಕೊಳ್ಳುತ್ತೇನೆ.