ಪದ ಬೇಕು: ಹೆಲಿಕಾಪ್ಟರಿನ ‘ಹಾರ್ಡ್ ಲ್ಯಾಂಡಿಂಗ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ಹೆಲಿಕಾಪ್ಟರ್ ಬಗ್ಗೆ ಫಲಕ ಬರೆದುಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು, ಒಂದು ಪದ ಸಿಗುತ್ತಿಲ್ಲ.

ಸಂದರ್ಭ ಇದು. ಇಂಜಿನ್ ಕೈಕೊಟ್ಟರೆ ಇಳಿಯುವುದು ಹೇಗೆ ಅಂತ ತರಬೇತಿ ಹಾರಾಟದಲ್ಲಿ ಕಲಿಸುತ್ತಾರೆ. ಇಂಜಿನ್ ಬಲ ತಗ್ಗಿಸಿ, ಕೆಳಗಿನಿಂದ ನುಗ್ಗುವ ಗಾಳಿಯಿಂದಲೇ ರೆಕ್ಕೆ ತಿರುಗುತ್ತಿರುವಾಗ ಇಳಿಸುವ ಅಭ್ಯಾಸ. ನೆಲ ಹತ್ತಿರ ಬಂದಾಗ ಮೂತಿ ಎತ್ತಿ ವೇಗ ಕಡಿಮೆ ಮಾಡಬೇಕು, ಕೊನೆಗೆ ಎಡಗೈಯ ಲಿವರ್ ಎಳೆದು ಮೆಲ್ಲಗೆ ಕೂರಿಸಬೇಕು. ಆ ಎಳೆತ ಸ್ವಲ್ಪ ಬೇಗವಾದರೂ ತಡವಾದರೂ ದೊಪ್ಪನೆ ಬೀಳುತ್ತದೆ. ಚಕ್ರದ ಬದಲು ಅಡಿಯಲ್ಲಿರುವ ಸ್ಕಿಡ್ ಕಾಲುಗಳು ಅಗಲವಾಗುತ್ತವೆ, ಕೆಲವೊಮ್ಮೆ ಮೇಲಿನ ರೆಕ್ಕೆ ಬಗ್ಗಿ ಬಾಲಕ್ಕೇ ಬಡಿಯುತ್ತದೆ. ಆದರೂ ಒಳಗಿದ್ದವರು ನಡೆದುಕೊಂಡೇ ಹೊರಗೆ ಬರುವುದುಂಟು, ಹಾಗಾಗಿ ‘ಪತನ’ ಅನ್ನುವಂತಿಲ್ಲ. ‘ತುರ್ತು ಭೂಸ್ಪರ್ಶ’ವೂ ಅಲ್ಲ. ಅದು ಪೈಲಟ್ ಮಾಡುವ ತೀರ್ಮಾನ, ಇದು ಇಳಿದ ಬಗೆ. ‘ಕಠಿಣ ಇಳಿತ’ ಆಗಬಹುದಾ?

ಮರು:
ಬೇಡವೇ ಬೇಡ. ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ ಅರಿಸಮಾಸ ಅದು. ‘ಬಿರುಸಿಳಿತ’ ಅನ್ನಿ, ಮುಗಿಯಿತು. ಆ ‘ಭೂಸ್ಪರ್ಶ’ವನ್ನೂ ಬಿಡಿ. ‘ಇಳಿ’ ಅನ್ನುವ ಒಳ್ಳೆಯ ಪದ ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು?

ಮರು:
ಅರಿಸಮಾಸ ಅಂತ ಓಡಿಸುವುದಾದರೆ ‘ಮಳೆಗಾಲ’ವನ್ನೂ ಓಡಿಸಿ, ಕೊಡಗಿನವರು ಜೂನ್ ಬಂದಾಗ ಏನನ್ನುತ್ತಾರೋ ನೋಡೋಣ. ಬಸ್ಸು, ಇಂಜಿನ್, ಪೈಲಟ್ ಎಲ್ಲ ಕನ್ನಡವೇ ಆಗಿರುವಾಗ ಹೊಸ ಪದ ಹುಟ್ಟಿಸುವ ಹಟ ಸುಮ್ನೆ. ‘ಹಾರ್ಡ್ ಲ್ಯಾಂಡಿಂಗ್’ ಅಂತಲೇ ಬರೆಯಿರಿ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನ ಮೇಲೆ ಬಿದ್ದಾಗ ಪತ್ರಿಕೆಗಳೂ ಹಾಗೇ ಬರೆದವು.

ಮರು:
ಸಾರ್, ನನ್ನ ಭಯವೇ ಅದು. ವಿಕ್ರಮ್ ಚಂದ್ರನಿಗೆ ಬಡಿದ ಮೇಲೆ ಮತ್ತೆ ಮಾತಾಡಲೇ ಇಲ್ಲ. ಮಕ್ಕಳು ಈ ಪದವನ್ನು ಅದರ ಜೊತೆಗೇ ಕೇಳಿದ್ದಾರೆ. ಫಲಕ ನೋಡಿದ ಕೂಡಲೇ ‘ಎಲ್ಲ ಹೋಯಿತು’ ಅಂದುಕೊಳ್ಳುತ್ತಾರೆ.

ಮೇಷ್ಟ್ರೇ, ‘ಬಿರುಸು’ ಚೆಂದದ ಪದ, ಆದರೆ ಅದರಲ್ಲಿ ವೇಗ ಜಾಸ್ತಿ, ಪೆಟ್ಟು ಇಲ್ಲ. ಮಳೆ ಬಿರುಸಾಗುತ್ತದೆ, ಗಾಳಿ ಬಿರುಸಾಗುತ್ತದೆ. ಇಲ್ಲಿ ನನಗೆ ಪೆಟ್ಟು ಬೇಕು.

ಈಗ ತಾನೇ ಒಂದು ಹೊಳೆಯಿತು. ಕಣದಲ್ಲಿ ಕಾಫಿ ಚೀಲ ಇಳಿಸುವಾಗ ನಮ್ಮ ತಂದೆ ‘ಕುಕ್ಕಬೇಡ, ಮೆಲ್ಲಗಿಡು’ ಅನ್ನುತ್ತಿದ್ದರು. ಬೆನ್ನಿನಿಂದ ನೇರ ಕೆಳಕ್ಕೆ ಕುಕ್ಕಿದರೆ ಚೀಲ ಒಡೆಯುವುದಿಲ್ಲ, ತಳದ ಹೊಲಿಗೆ ಬಿಡುತ್ತದೆ, ನಾಲ್ಕು ಬೀಜ ಹೊರಗೆ ಬರುತ್ತವೆ. ಸ್ಕಿಡ್ ಕಾಲು ಅಗಲವಾಗುವುದೂ ಹಾಗೇ ಅಲ್ವಾ? ‘ಕುಕ್ಕಿಳಿತ’ ಹೇಗಿದೆ?

ಮರು:
ಕುಕ್ಕುವುದು ಕೋಳಿಯ ಕೆಲಸ. ಒಪ್ಪುವುದಿಲ್ಲ.

ಮರು:
ಕೋಳಿ ಕಾಳನ್ನು ಕುಕ್ಕುತ್ತದೆ, ನಿಜ. ಸಿಟ್ಟು ಬಂದವರು ಪಾತ್ರೆಯನ್ನೂ ಕುಕ್ಕುತ್ತಾರೆ ಮೇಷ್ಟ್ರೇ, ಎರಡೂ ಕನ್ನಡವೇ. ವಾಕ್ಯದೊಳಗೆ ‘ಹೆಲಿಕಾಪ್ಟರ್ ನೆಲಕ್ಕೆ ಕುಕ್ಕಿಕೊಂಡು ಇಳಿಯಿತು’ ಅಂತ ಬರೆದು ಐದನೇ ಕ್ಲಾಸಿನ ಮಗಳಿಗೆ ಓದಿಸಿದೆ. ‘ಯಾರಿಗಾದರೂ ಸೊಂಟ ನೋವಾಯಿತಾ?’ ಅಂತ ಕೇಳಿದಳು. ಸತ್ತರಾ ಅಂತ ಕೇಳಲಿಲ್ಲ. ನನಗೆ ಬೇಕಿದ್ದದ್ದು ಅಷ್ಟೇ.

ತಲೆಬರಹಕ್ಕೆ ಮಾತ್ರ ಒಂದು ಅನುಮಾನ ಉಳಿದಿದೆ. ‘ಕುಕ್ಕಿಳಿತ’ವೋ ‘ಕುಕ್ಕಿಳಿಕೆ’ಯೋ? ‘ಇಳಿಕೆ’ ಅಂದರೆ ಇಲ್ಲಿ ಎಲ್ಲರಿಗೂ ಕಾಫಿ ರೇಟು ನೆನಪಾಗುತ್ತದೆ, ಹಾಗಾಗಿ ಮೊದಲನೆಯದರ ಕಡೆಗಿದ್ದೇನೆ. ವ್ಯಾಕರಣದಲ್ಲಿ ತಪ್ಪಿದ್ದರೆ ಬೆಳಿಗ್ಗೆ ಒಂಬತ್ತರೊಳಗೆ ತಿಳಿಸಿ, ಅಂಗಡಿ ತೆರೆಯುವುದು ಆಗಲೇ.