ಅಪ್‌ಡೇಟ್: ಆಲಮಟ್ಟಿ ಹಿನ್ನೀರಿನ ಸೇತುವೆಯಡಿ ಛಾವಣಿಯ ದೋಣಿ ದಾಟಿತು

ಬಾಗಲಕೋಟೆ ಕಡೆಯ ಆಲಮಟ್ಟಿ ಹಿನ್ನೀರಿನಲ್ಲಿ, ಎತ್ತರದ ಛಾವಣಿ ಹಾಕಿಸಿದ ನಮ್ಮ ದೋಣಿಯು ಹಳೆಯ ಸೇತುವೆಯಡಿ ದಾಟೀತೇ ಎಂದು ಕೇಳಿದ್ದೆ. ದಾಟಿತು; ಸಲಹೆ ಕೊಟ್ಟ ಎಲ್ಲರಿಗೂ ಕೃತಜ್ಞನಾಗಿದ್ದೇನೆ.

ಫೋಟೋ ನೋಡಿ ಅಂದಾಜು ಮಾಡುವುದು ಉಪಯೋಗಕ್ಕೆ ಬರಲಿಲ್ಲ. ಸೇತುವೆಯ ಮೇಲಿನಿಂದ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟರೆ ಗರ್ಡರಿನ (ಸೇತುವೆಯನ್ನು ಹೊತ್ತ ತೊಲೆಯ) ದಪ್ಪವೂ ಅಳತೆಯಲ್ಲಿ ಸೇರಿಬಿಡುತ್ತದೆ. ಫಲ ಕೊಟ್ಟದ್ದು ಮೀನುಗಾರ ಹಿರಿಯರೊಬ್ಬರು ಹೇಳಿದ ಕ್ರಮ: ಚಿಕ್ಕ ದೋಣಿಯಲ್ಲಿ ಗರ್ಡರಿನ ಕೆಳಗೇ ಹೋಗಿ, ಅಳತೆಯ ಗುರುತು ಹಾಕಿದ ಬಿದಿರಿನ ಗಳದಿಂದ ನೀರಿನಿಂದ ಗರ್ಡರಿನ ಅತ್ಯಂತ ತಗ್ಗಾದ ಭಾಗದವರೆಗಿನ ಅಂತರವನ್ನು ಅಳೆದು, ಅಂದಿನ ಜಲಾಶಯದ ಮಟ್ಟವನ್ನೂ ಅದರೊಡನೆ ಬರೆದಿಡುವುದು. ಅಂದು ಮಟ್ಟ ಸಮುದ್ರ ಮಟ್ಟದಿಂದ 517 ಮೀಟರ್ ಇತ್ತು. ಜಲಾಶಯ ತುಂಬಿ 519.60 ಮೀಟರ್ ತಲುಪಿದರೆ ಆ ಅಂತರ 2.60 ಮೀಟರಿನಷ್ಟು ಕಡಿಮೆಯಾಗುವುದರಿಂದ, ಆಗ ನಮ್ಮ ದೋಣಿ ಖಂಡಿತ ಹಾಯುವುದಿಲ್ಲ. ಹೊರಡುವ ದಿನ ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ನೋಡಿಕೊಂಡರೆ ಉಳಿದದ್ದು ಕೂಡಿಸಿ ಕಳೆಯುವ ಲೆಕ್ಕವಷ್ಟೆ.

ನನಗೆ ತೀರ ಹೊಸದಾಗಿ ತಿಳಿದದ್ದು ಇನ್ನೊಂದು: ಜನರೂ ಸಾಮಾನೂ ಇಳಿದ ಮೇಲೆ ದೋಣಿ ನೀರಿನಿಂದ ಮೇಲೇಳುತ್ತದೆ, ಹೋಗುವಾಗ ಹಾಯ್ದ ಛಾವಣಿ ಬರುವಾಗ ತಾಗಬಹುದು. ಆದ್ದರಿಂದ ಛಾವಣಿಯ ಎತ್ತರವನ್ನು ದೋಣಿ ಖಾಲಿಯಿದ್ದಾಗಲೇ ಅಳೆಯಿರಿ.