ಬೇಟೆ ನಾಯಿಗೆ ನಾವೇ ಕಲಿಸೋದಾ, ಟ್ರೇನರ್ ಹತ್ತಿರ ಬಿಡೋದಾ? ಅನುಭವ ಇದ್ದವರು ಹೇಳಿ

ಹೊಸ ಲ್ಯಾಬ್: ನಮ್ಮ ಲ್ಯಾಬ್ರಡಾರ್ ಹೆಣ್ಣುಮರಿಗೆ ಈಗ ನಾಲ್ಕೂವರೆ ತಿಂಗಳು. ಮುಂದಿನ ಸೀಸನ್‌ಗೆ ಬಾತು ಬೇಟೆಗೆ ಕರೆದೊಯ್ಯುವ ಆಸೆ. ನನಗೆ ಸಿಗುವುದು ಬೆಳಿಗ್ಗೆ ಅರ್ಧ ಗಂಟೆ ಮಾತ್ರ. ಒಬ್ಬ ಟ್ರೇನರ್ 4 ತಿಂಗಳು ಬಿಡಿ ಅನ್ನುತ್ತಿದ್ದಾರೆ. ಏನು ಮಾಡಲಿ? ಇನ್ನೊಂದು, ಈಗ ಹಲ್ಲು ಬೀಳುತ್ತಿವೆ. ಡಮ್ಮಿ (ಹಕ್ಕಿಯ ಬದಲು ಎಸೆದು ತರಿಸುವ ತುಂಡು) ಎಸೆಯಬಹುದಾ?

ಹಳೇ ವಿಸಲ್: ನಾನೇ ಕಲಿಸಿದೆ. ಟ್ರೇನರ್‌ಗೆ ಅಂತ ಒಂದು ಕಾಸು ಬಿಚ್ಚಿಲ್ಲ. ಈಗಿರುವುದು ಮೂರನೇ ನಾಯಿ. ಮೊದಲನೆಯದನ್ನು ಹಾಳು ಮಾಡಿದ್ದೂ ನಾನೇ, ಒಪ್ಪಿಕೊಳ್ಳುತ್ತೇನೆ. ಸದ್ದು ರೂಢಿಯಾಗಲಿ ಅಂತ 8 ತಿಂಗಳ ಮರಿಯನ್ನು ಸೀದಾ ಬಂದೂಕಿನ ಪಕ್ಕ ಕೂರಿಸಿದೆ. 12 ಬೋರ್, ಎರಡೇ ಗುಂಡು. ನಾಯಿ ಗಾಡಿ ಅಡಿ ಸೇರಿತು. ಆಮೇಲೆ ಬಂದೂಕಿನ ಚೀಲದ ಜಿಪ್ ಎಳೆದರೂ ನಡುಗುತ್ತಿತ್ತು. 11 ವರ್ಷ ಸೋಫಾ ಕಾಯ್ದುಕೊಂಡು ಬದುಕಿತು.

ಎರಡನೇ ನಾಯಿಯ ಹೊತ್ತಿಗೆ ನನಗೆ ಬುದ್ಧಿ ಬಂತು. ತಮ್ಮನನ್ನು ಗದ್ದೆಯ ಆ ತುದಿಯಲ್ಲಿ ನಿಲ್ಲಿಸಿದೆ. ನಾಯಿ ಡಮ್ಮಿ ಹಿಂದೆ ಓಡುವಾಗ ಮಾತ್ರ ಅವನು ಸ್ಟಾರ್ಟರ್ ಪಿಸ್ತೂಲು (ಬರೀ ಸದ್ದು ಮಾಡುವುದು) ಹಾರಿಸುತ್ತಿದ್ದ. ವಾರ ವಾರ ಸ್ವಲ್ಪ ಹತ್ತಿರ. 6 ವಾರ ಹಿಡಿಯಿತು. ಇಲ್ಲಿಯವರೆಗೆ ಡಮ್ಮಿ 24 ಕೊಂಡಿದ್ದೇನೆ, ಉಳಿದದ್ದು 9. ಮೂರು ಉದ್ದ ಹಗ್ಗ ಪೊದೆ ಪಾಲು. ನಾಯಿಯ ಪಾಠಕ್ಕೆ ಅಂತ ಫ್ರೀಜರ್‌ನಲ್ಲಿ ಪಾರಿವಾಳ ಇಟ್ಟಿದ್ದಕ್ಕೆ ಮನೆಯವಳು 15 ದಿನ ಮಾತು ಬಿಟ್ಟಿದ್ದಳು. ಅದನ್ನೂ ಖರ್ಚಿಗೆ ಸೇರಿಸಿ.

ಬಿಟ್ಟು ಕೆಟ್ಟವನು: ನಾನು ಟ್ರೇನರ್ ಹತ್ತಿರ ಬಿಟ್ಟೆ. 4 ತಿಂಗಳು ಅಂದಿದ್ದು 7 ಆಯಿತು. ತಿಂಗಳ ಫೀ ನನ್ನ ಮನೆ ಬಾಡಿಗೆಗಿಂತ ಜಾಸ್ತಿ. ಪಾಠಕ್ಕೆ ಬಳಸುವ ಹಕ್ಕಿಗೆ ಬೇರೆ, ಡಾಕ್ಟರಿಗೆ ಬೇರೆ. ಎರಡನೇ ತಿಂಗಳಲ್ಲೇ ಕೆನೆಲ್ ಕೆಮ್ಮು, 3 ವಾರ ಪಾಠವೇ ಇಲ್ಲ, ಫೀ ಮಾತ್ರ ಪೂರ್ತಿ! ಅಲ್ಲಿದ್ದದ್ದು 22 ನಾಯಿ. ಒಂದೊಂದಕ್ಕೆ ದಿನಕ್ಕೆ 15 ನಿಮಿಷ ಸಿಕ್ಕರೆ ಪುಣ್ಯ.

ಮನೆಗೆ ಬಂದ ಮೇಲೆ ಕೇಳಿ. ಅವರು ವಿಸಲ್ ಊದಿದರೆ ಯಂತ್ರದ ಹಾಗೆ ಕೂರುತ್ತದೆ. ನಾನು ಊದಿದರೆ ನನ್ನ ಮುಖ ನೋಡಿ ಹುಲ್ಲು ಮೂಸುತ್ತದೆ. ಮೊದಲ ಬೇಟೆಯಲ್ಲೇ ರೆಕ್ಕೆ ಮುರಿದ ಬಾತನ್ನು ನೀರಿನಿಂದ ತಂದಿತು, ದಡಕ್ಕೆ ಬಂದು ಕೆಳಗಿಟ್ಟು ಮೈ ಕೊಡವಿತು. ಬಾತು ಜೊಂಡಿನೊಳಗೆ ಹೋಯಿತು, ಸಿಗಲೇ ಇಲ್ಲ. ಫೋರ್ಸ್ ಫೆಚ್ (ಹೇಳುವ ತನಕ ಬಾಯಿಂದ ಬಿಡದಂತೆ ಒತ್ತಾಯದಿಂದ ಕಲಿಸುವುದು) ಅರ್ಧಕ್ಕೇ ನಿಲ್ಲಿಸಿದ್ದರು ಅಂತ ಗೊತ್ತಾಗಿದ್ದು ಆಗ.

ಶನಿವಾರದ ಪಾಠ: ತಪ್ಪು ಟ್ರೇನರ್‌ದಲ್ಲ ಸ್ವಾಮಿ. 7 ತಿಂಗಳಲ್ಲಿ ನೀವು ಎಷ್ಟು ಸಲ ಹೋಗಿ ನಿಂತಿರಿ? ನಾನು 14 ತಿಂಗಳು ನಾನೇ ಕಲಿಸುತ್ತೇನೆ ಅಂತ ಒದ್ದಾಡಿದೆ. ಗುಂಡಿನ ಸದ್ದಿಗೆ ನಾಯಿ ಹೇಳದೆಯೇ ನೀರಿಗೆ ಹಾರುತ್ತಿತ್ತು. ಒಂದು ಸಲ ದೋಣಿಯೇ ಮಗುಚಬೇಕಿತ್ತು. ಎರಡು ಸೀಸನ್ ಹೋಯಿತು. ಆಮೇಲೆ ಟ್ರೇನರ್ ಹತ್ತಿರ ಹೋದರೆ, ಪ್ರತಿ ಶನಿವಾರ ನೀವು ಬರುವುದಾದರೆ ಮಾತ್ರ ಸೇರಿಸಿಕೊಳ್ಳುತ್ತೇನೆ ಅಂದರು. ಮೂರು ವಾರ ನಾಯಿಗಿಂತ ನನಗೇ ಬೈದದ್ದು ಜಾಸ್ತಿ. ಕೈ ಸನ್ನೆ ಕೊಡುವಾಗ ಮೈಯೆಲ್ಲ ತಿರುಗಿಸುತ್ತೇನಂತೆ! ಈಗ, ಎಲ್ಲಿ ಬಿತ್ತು ಅಂತ ನಾಯಿ ನೋಡದ ಹಕ್ಕಿಯನ್ನೂ ಎಡ, ಬಲ, ಹಿಂದೆ ಅಂತ ಕಳಿಸಿ ತರಿಸುತ್ತೇನೆ.

ಬಿಟ್ಟು ಕೆಟ್ಟವನು: ನಾನು 5 ಸಲ ಹೋಗಿದ್ದೆ. ಮೂರು ಸಲ ಅವರೇ ಊರಲ್ಲಿರಲಿಲ್ಲ. ಗೊತ್ತಿಲ್ಲದೆ ಸುಮ್ನೆ ಮಾತಾಡಬೇಡಿ.

ಮೆತ್ತನೆ ಬಾಯಿ: ಫೋರ್ಸ್ ಫೆಚ್ ಅಂದರೆ ಕಿವಿ ಹಿಂಡಿ ಬಾಯಿ ತೆರೆಸುವುದೇ ಅಲ್ವಾ? ನಮ್ಮ ಗೋಲ್ಡನ್ ರಿಟ್ರೀವರ್‌ಗೆ ಬಾಯಲ್ಲಿ ಹಿಡಿಯಲು ಮರದ ತುಂಡು, ಹಿಡಿದರೆ ಒಂದು ಚೂರು ಬಿಸ್ಕತ್ತು, ಅಷ್ಟೇ. 9 ವಾರ ಆಯಿತು. ಈಗ ಹಕ್ಕಿಯ ಒಂದು ಗರಿಯೂ ನಲುಗುವುದಿಲ್ಲ.

ಹಳೇ ವಿಸಲ್: ಬಿಸ್ಕತ್ತಿನ ನಾಯಿ ಚಳಿ ನೀರಲ್ಲಿ, ಜೀವ ಇರುವ ಬಾತಿನ ಮುಂದೆ ಏನು ಮಾಡುತ್ತದೆ ಅಂತ ನೋಡಿದ್ದೇನೆ. ಗೋಲ್ಡನ್ ಬೇರೆ! ಬೇಟೆ ಮುಗಿದ ಮೇಲೆ ಎರಡು ಗಂಟೆ ಕೂದಲಿಂದ ಮುಳ್ಳು ಬಿಡಿಸಿ.

ಮೆತ್ತನೆ ಬಾಯಿ: ನಿಮ್ಮ ಮೊದಲನೇ ನಾಯಿ ಸೋಫಾ ಕಾಯ್ದದ್ದು ಮರೆತಿರಾ ಸರ್?

ಶನಿವಾರದ ಪಾಠ: ಜಗಳ ಬಿಡಿ. ಡಮ್ಮಿ ಬಿಳಿಯದು ತಗೊಳ್ಳಿ, ಕಿತ್ತಳೆ ಬೇಡ. ನಾಯಿಗೆ ಕಿತ್ತಳೆ ಬಣ್ಣ ಹುಲ್ಲಿನಲ್ಲಿ ಬೇರೆಯಾಗಿ ಕಾಣುವುದಿಲ್ಲ.

ಹಳೇ ವಿಸಲ್: ಕಾಣಬಾರದು ಅಂತಲೇ ಕಿತ್ತಳೆ ಇಡುವುದು. ನೋಡದ ಹಕ್ಕಿ ತರುವುದನ್ನು ಕಲಿಸಲು ಮತ್ತೇನು ಇಡುತ್ತೀರಿ? ನಿಮ್ಮ ಟ್ರೇನರ್ ಶನಿವಾರ ಇದನ್ನು ಹೇಳಿಕೊಡಲಿಲ್ಲವಾ?

ಹೊಸ ಲ್ಯಾಬ್: ಎಲ್ಲರಿಗೂ ಥ್ಯಾಂಕ್ಸ್. ಹಲ್ಲಿನ ವಿಷಯ ಯಾರಾದರೂ ಹೇಳುತ್ತೀರಾ?

ಮೆತ್ತನೆ ಬಾಯಿ: ಬೇಡ. ಹೊಸ ಹಲ್ಲು ಪೂರ್ತಿ ಬರುವ ತನಕ, ಅಂದರೆ ಸುಮಾರು 6 ತಿಂಗಳವರೆಗೆ ಎಸೆಯಬೇಡಿ. ಕಚ್ಚಿದಾಗ ನೋವಾದರೆ ತರುವುದೇ ಬೇಡ ಅನ್ನಿಸಿಬಿಡುತ್ತದೆ. ಅಲ್ಲಿಯವರೆಗೆ ಕೂರುವುದು, ಕರೆದರೆ ಬರುವುದು ಕಲಿಸಿ. ಅದಕ್ಕೆ ಅರ್ಧ ಗಂಟೆ ಸಾಕು.

ಬಿಟ್ಟು ಕೆಟ್ಟವನು: ಶನಿವಾರದವರೇ, ನಿಮ್ಮ ಟ್ರೇನರ್ ಫೀ ಎಷ್ಟು ಅಂತ ಇನ್ನೂ ಹೇಳಿಲ್ಲ.